ಉಗುರಿಗೆ ಸಿಕ್ಕ ಮುಕ್ಕು

ಅಂದು ಬೆಳಕು ಹರಿಯುವ ಮೊದಲೇ ಮರುಭೂಮಿಯ ಕಡೆಯಿಂದ ಬಿಸಿಗಾಳಿ ಎದ್ದಿತ್ತು. ಆಕಾಶ ಒಗೆದೊಗೆದು ಬಣ್ಣಗೆಟ್ಟ ಹಳದಿ ಬಟ್ಟೆಯ ಹಾಗಿತ್ತು. ಜೆರುಸಲೇಮಿನ ಆ ಹಳೇ ಓಣಿಯಲ್ಲಿ ಹಗ್ಗದ ಮೇಲಿನ ಅಂಗಿಗಳು ಒಂದಕ್ಕೊಂದು ಹೊಡೆದಾಡುತ್ತಿದ್ದವು. ಮಾತಾಡಲು ಬಾಯಿ ತೆರೆದವರ ಹಲ್ಲಿನ ನಡುವೆ ಮರಳು ಕರಕರ ಎನ್ನುತ್ತಿತ್ತು. ಹೊತ್ತು ಮುಳುಗಿದರೆ ವರ್ಷದ ದೊಡ್ಡ ಉಪವಾಸ. ಅಷ್ಟರೊಳಗೆ ಮನೆಮನೆಯವರೂ ವರ್ಷದ ಪಾಪ ಕಳೆಯಲೆಂದು ಕೋಳಿಯನ್ನು ತಲೆಯ ಸುತ್ತ ಮೂರು ಸಲ ನಿವಾಳಿಸಿ, ಕುಯ್ಯಿಸಿ, ಉಪವಾಸಕ್ಕೆ ಮೊದಲಿನ ಊಟ ಮುಗಿಸಬೇಕು. ಹಾಗಾಗಿ ಕೋಳಿ ಕುಯ್ಯುವ ಆನ್ಷೆಲನ ಕಲ್ಲುಬೆಂಚಿನ ಮುಂದೆ ಸಾಲು ಓಣಿಯ ತಿರುವಿನವರೆಗೆ ಬೆಳೆದಿತ್ತು.

ಆನ್ಷೆಲ್ ಮೂವತ್ತೊಂದು ವರ್ಷದಿಂದ ಈ ಕೆಲಸ ಮಾಡಿದವನು. ದೇವರ ಹೆಸರು ಹೇಳಿ, ಒಂದು ಉಸಿರಿನಲ್ಲಿ ಕುಯ್ದು, ನೆತ್ತರಿನ ಮೇಲೆ ಬೂದಿ ಮುಚ್ಚುತ್ತಿದ್ದ. ಆಮೇಲೆ ಕತ್ತಿಯನ್ನು ಒರೆಸಿ, ಹೆಬ್ಬೆರಳ ಉಗುರನ್ನು ಅಲಗಿನ ಮೇಲೆ ಹೋಗಿ ಬರುವಂತೆ ಆಡಿಸುತ್ತಿದ್ದ. ಎಲ್ಲಾದರೂ ಕೂದಲೆಳೆಯಷ್ಟು ಮುಕ್ಕು ಸಿಕ್ಕರೂ ಆ ಕೋಳಿಯನ್ನು ತಿನ್ನುವ ಹಾಗಿಲ್ಲ. ಬೇರೆಯವರು ಹತ್ತು ಕೋಳಿಗೊಮ್ಮೆ ನೋಡಿದರೆ ಇವನು ಪ್ರತಿ ಕೋಳಿಗೂ ನೋಡುತ್ತಿದ್ದ. ಸಾಲಿನವರು ಗೊಣಗುವುದು, ಇವನು ಕೇಳಿಸದವನಂತೆ ಇರುವುದು, ಎರಡೂ ಅಷ್ಟೇ ವರ್ಷಗಳಿಂದ ನಡೆದುಬಂದಿತ್ತು.

ಇವತ್ತು ಮಾತ್ರ ಅವನ ಮನಸ್ಸು ನೆಟ್ಟಗಿರಲಿಲ್ಲ. ಕಾರಣ, ಪಕ್ಕದಲ್ಲೇ ನಿಂತು ಕೋಳಿಗಳ ರೆಕ್ಕೆ ಹಿಡಿದುಕೊಡುತ್ತಿದ್ದ ಲೈಬಿಷ್. ಇನ್ನು ಹನ್ನೆರಡು ದಿನಕ್ಕೆ ಆನ್ಷೆಲನ ಮಗಳು ರೈಜಲಳನ್ನು ಮದುವೆಯಾಗಬೇಕಾದ ಹುಡುಗ. ಸಾಧು, ಓದಿದವನು, ನೆಲ ನೋಡಿ ನಡೆಯುವವನು. ಮದುವೆಯ ದಿನ ಅಳಿಯನ ತಲೆಗೆ ನರಿಬಾಲದ ತುಪ್ಪಳದ ದುಂಡು ಟೋಪಿ ಇಡುವುದು ಹೆಣ್ಣಿನ ತಂದೆಯ ಪಾಲಿನ ಗೌರವ. ಟೋಪಿ ಹೊಲಿಯುವ ಜಲ್ಮನ್ ಇವತ್ತು ಮಧ್ಯಾಹ್ನ ಅಂಗಡಿ ಮುಚ್ಚುವುದರೊಳಗೆ ಹೇಳಿದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದಿದ್ದ. ಈ ಹುಡುಗ ನೋಡಿದರೆ, ತುಪ್ಪಳ ಬೇಡ, ನೂಲಿನಲ್ಲಿ ಮಾಡಿದ್ದು ಸಾಕು ಎಂದು ಕೂತಿದ್ದ.

"ಮಾವ, ಸಿಟ್ಟಾಗ್ಬೇಡಿ," ಎಂದ ಲೈಬಿಷ್, ಇನ್ನೊಂದು ಕೋಳಿ ಎತ್ತಿಕೊಡುತ್ತ.

"ನಾನ್ಯಾಕಪ್ಪಾ ಸಿಟ್ಟಾಗ್ಲಿ? ಊರೆಲ್ಲ ಮದುವೆಗೆ ಬರ್ತಾರೆ. ಆನ್ಷೆಲ್ ಅಳಿಯನ ತಲೆ ಮೇಲೆ ನೆಲ ಒರೆಸೋ ಬಟ್ಟೆ ಇಟ್ಟವ್ನೆ ಅಂತ ಆಡ್ಕೊಂಡು, ಊಟ ಮಾಡ್ಕೊಂಡು ಹೋಗ್ತಾರೆ. ಅಷ್ಟೇ ತಾನೆ?"

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು.

"ಆ ನರಿಗಳನ್ನ ಹುಟ್ಟಿದಾಗಿಂದ ತಂತಿ ಪಂಜರದಲ್ಲಿ ಇಡ್ತಾರೆ ಮಾವ. ಕಾಲಿಗೆ ಮಣ್ಣು ತಾಗೋದೇ ಇಲ್ಲ."

"ಮತ್ತೆ ಈ ಕೋಳಿ? ಇದು ಅರಮನೇಲಿತ್ತಾ? ದಿನಾ ನಮ್ಮನೇಲಿ ತೊಡೆ ಬೇಕು, ಸಾರು ಬೇಕು ಅಂತ ಬಡಿಸಿಕೊಳ್ತೀಯಲ್ಲ, ಆಗೆಲ್ಲಿ ಹೋಗಿತ್ತು ಈ ಕರುಣೆ?"

ಲೈಬಿಷ್‌ನ ಕಿವಿ ಕೆಂಪಾಯಿತು. ಆದರೂ ಮೆಲ್ಲಗೆ ಹೇಳಿದ: "ಕೋಳಿ ತಿನ್ನೋಕೆ ನನಗೂ ಕೆಲವು ಸಲ ಮನಸ್ಸು ಒಪ್ಪಲ್ಲ, ನಿಜ. ಆದ್ರೆ ಅದಕ್ಕೆ ನೀವಿದ್ದೀರಿ. ನೋವಾಗದ ಹಾಗೆ ಕತ್ತಿ ಇದೆಯಾ ಅಂತ ಉಗುರಾಡಿಸಿ ನೋಡ್ತೀರಿ. ಆ ನರಿಗೆ ಯಾರು ನೋಡ್ತಾರೆ ಮಾವ?"

ಆನ್ಷೆಲ್‌ಗೆ ಕೋಪ ನೆತ್ತಿಗೇರಿತು. "ನೋಡಪ್ಪಾ, ಮಧ್ಯಾಹ್ನದೊಳಗೆ ಹೇಳಿಬಿಡು. ನನ್ನ ಕೈಯಿಂದ ಟೋಪಿ ಬೇಡ ಅಂದ್ರೆ ನನ್ನ ಮನೆ ಹುಡುಗೀನೂ ಬೇಡ ಅಂದ ಹಾಗೆ."

ಮಾತು ಬಾಯಿಂದ ಜಾರಿತ್ತು. ನಗುತ್ತಿದ್ದವರು ತಂತಮ್ಮ ಕೋಳಿಗಳ ಕಾಲು ನೋಡತೊಡಗಿದರು. ಲೈಬಿಷ್ ಕೈಯಲ್ಲಿದ್ದ ಕೋಳಿ ಒಮ್ಮೆ ಕೊಕ್ಕೊ ಎಂದಿತು.

ಅಷ್ಟರಲ್ಲಿ ಸಾಲು ಸೀಳಿಕೊಂಡು ನುಗ್ಗಿಬಂದವಳು ಫ್ರೈಡಲಜ್ಜಿ. ತಿರುವಿನ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇರುವ ಮುದುಕಿ. ಕಂಕುಳಲ್ಲಿ ಒಂದು ಕಂದು ಕೋಳಿ. "ಮಾವ ಅಳಿಯ ಮದುವೆ ಆದ್ಮೇಲೆ ಜಗಳ ಆಡ್ರೋ, ಬೇಕಾದಷ್ಟು ಟೈಮಿರುತ್ತೆ. ಮೊದಲು ಇದನ್ನ ಕುಯ್ಕೊಡು ಆನ್ಷೆಲ್, ಮೊಮ್ಮಕ್ಕಳು ಊಟಕ್ಕೆ ಬರ್ತಾವೆ."

ಆನ್ಷೆಲ್ ಕುಯ್ದ. ಬೂದಿ ಮುಚ್ಚಿದ. ಅಲಗಿನ ಮೇಲೆ ಉಗುರಾಡಿಸಿದ. ನಡುವೆ ಎಲ್ಲೋ ಉಗುರು ತಡವರಿಸಿತು. ಮತ್ತೆ ಆಡಿಸಿದ, ಏನೂ ಇಲ್ಲ. ಮೂರನೆಯ ಸಲ ಆಡಿಸಿದ, ಇದೆ.

"ಲೈಬಿಷ್, ಇಲ್ಲಿ ನೋಡು."

ಲೈಬಿಷ್ ಉಗುರಾಡಿಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಆಡಿಸಿದ. "ನನಗೇನೂ ಸಿಗ್ತಿಲ್ಲ ಮಾವ."

"ಹಾಗಾದ್ರೆ ಇಲ್ಲ ಬಿಡಿ!" ಎಂದು ಸಾಲಿನಿಂದ ಒಬ್ಬ ಕೂಗಿದ. "ಮುಕ್ಕಾಗಿರೋದು ಕತ್ತಿಯೋ, ಆನ್ಷೆಲ್ ಅವರ ಉಗುರೋ?"

"ಕುಯ್ದಾದ್ಮೇಲೆ ಮೂಳೆಗೆ ತಾಗಿ ಆಗಿರಬೇಕು, ಕೊಡ್ರೀ ಅಜ್ಜಿಗೆ," ಎಂದ ಮತ್ತೊಬ್ಬ.

ಆಗಿರಬಹುದು. ಹಾಗೆಂದು ಒಪ್ಪಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಈ ಕೋಳಿಯನ್ನು ಕುಯ್ಯುವ ಮೊದಲು ಕತ್ತಿ ನೋಡಿದಾಗ ತನ್ನ ಮನಸ್ಸು ಉಗುರಿನ ತುದಿಯಲ್ಲಿರಲಿಲ್ಲ, ಜಲ್ಮನ್‌ನ ಅಂಗಡಿಯಲ್ಲಿತ್ತು ಎಂಬುದು ಆನ್ಷೆಲ್‌ಗೆ ಗೊತ್ತಿತ್ತು, ಮೇಲಿರುವವನಿಗೂ ಗೊತ್ತಿತ್ತು.

"ಅಜ್ಜಿ, ಈ ಕೋಳಿ ತಿನ್ನೋ ಹಾಗಿಲ್ಲ," ಎಂದ.

"ಅಯ್ಯೋ ನಿನ್ನ! ಯಾರಿಗೂ ಕಾಣದ ಮುಕ್ಕು ನಿನಗೊಬ್ಬನಿಗೇ ಕಾಣಿಸ್ತಾ? ಹುಡುಗನ ಕೈಗೂ ಸಿಗಲಿಲ್ಲವಲ್ಲೋ!"

"ಅವನ ಕೈಗೆ ಸಿಗಲಿಲ್ಲ. ನನಗೂ ಮೂರನೇ ಸಲಕ್ಕೆ ಸಿಕ್ತು. ಆದ್ರೆ ಕೋಳಿಗೆ ಮೊದಲನೇ ಸಲಾನೇ ಸಿಕ್ಕಿರುತ್ತೆ ಅಜ್ಜಿ."

ಹೇಳಿದ ಮೇಲೆ ಅವನಿಗೆ ತನ್ನ ಮಾತು ತನಗೇ ಕೇಳಿಸಿತು. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಅಜ್ಜಿ "ಉಪವಾಸದ ದಿನ ನಿನ್ನ ಲೆಕ್ಕ ದೇವರ ಹತ್ರ ಹೇಳ್ತೀನಿ ನೋಡ್ತಿರು" ಎಂದು ತಲೆವಸ್ತ್ರವನ್ನು ಗಾಳಿಗೆ ಹಾರಿಸುತ್ತ ಹೊರಟೇಹೋದಳು. ಕರೆದರೂ ತಿರುಗಲಿಲ್ಲ.

ಆನ್ಷೆಲ್ ಎರಡನೆಯ ಕತ್ತಿ ತೆಗೆದ. ಅದರ ಮೇಲೆ ಉಗುರನ್ನು ಎಷ್ಟು ಹೊತ್ತು ಆಡಿಸಿದನೆಂದರೆ, ಸಾಲಿನವರಿಗೆ ಗೊಣಗುವುದಕ್ಕೂ ಬೇಸರ ಬಂತು. ಸಾಲು ಕರಗುವವರೆಗೆ ಅಳಿಯ ಕೋಳಿ ಎತ್ತಿಕೊಡುತ್ತ, ಮಾವ ಕುಯ್ಯುತ್ತ ಹೋದರು. ಕೊನೆಗೆ ಆನ್ಷೆಲ್ ಪಂಜರದಲ್ಲಿ ತನ್ನ ಮನೆಗೆಂದು ಉಳಿಸಿಕೊಂಡಿದ್ದ ಕೊಬ್ಬಿದ ಕೋಳಿಯನ್ನು ಎತ್ತಿ ಕುಯ್ದ, ಕತ್ತಿ ನೋಡಿದ, ಮುಕ್ಕಿಲ್ಲವೆಂದು ನಿಟ್ಟುಸಿರು ಬಿಟ್ಟ. "ಪುಕ್ಕ ಕೀಳು," ಎಂದು ಲೈಬಿಷ್ ಕೈಗೆ ಕೊಟ್ಟು, ಕೈ ತೊಳೆದು ಟೋಪಿ ಅಂಗಡಿಗೆ ನಡೆದ.

ಜಲ್ಮನ್ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಬಿಟ್ಟಿದ್ದ. "ಬಂದ್ರಾ ಸರದಾರರು! ನೋಡಿ, ಎಂಥ ಬಾಲಗಳನ್ನ ತೆಗೆದಿಟ್ಟಿದೀನಿ. ರೇಷ್ಮೆ ಸೋಲ್ಬೇಕು."

ಆನ್ಷೆಲ್ ಒಂದು ಬಾಲವನ್ನು ಕೈಗೆತ್ತಿಕೊಂಡು, ಅಭ್ಯಾಸದಂತೆ ಹೆಬ್ಬೆರಳನ್ನು ಅದರ ಮೇಲೆ ಆಡಿಸಿದ. ಮೆತ್ತಗಿತ್ತು. ಉಗುರಿಗೆ ಏನೂ ಸಿಗಲಿಲ್ಲ; ಹೇಗೆ ಸತ್ತಿತೆಂದು ತುಪ್ಪಳ ಹೇಳುವುದಿಲ್ಲ.

"ನೂಲಿಂದು ಮಾಡ್ಕೊಡು ಜಲ್ಮನ್."

"ಏನಂದ್ರಿ? ಮಳೇಲಿ ನೆನೆದ್ರೆ ಒದ್ದೆ ಬೆಕ್ಕಿನ ಹಾಗೆ ಕಾಣುತ್ತೆ ಅದು!"

"ಮಳೆ ಬಂದ್ರೆ ನಾನೇ ಕೊಡೆ ಹಿಡೀತೀನಿ."

"ಹಾಗಾದ್ರೆ ಹಬ್ಬಕ್ಕೆ ನೀವು ಹಾಕೋ ತುಪ್ಪಳದ ಟೋಪಿ? ಅದನ್ನೂ ಎಸೀತೀರಾ?"

ಆನ್ಷೆಲ್ ಬಾಲವನ್ನು ಇದ್ದಲ್ಲಿಗೇ ಇಟ್ಟ. "ಅದು ನಮ್ಮಪ್ಪನದು. ಆ ನರಿಗಳು ಸತ್ತು ಅರವತ್ತು ವರ್ಷ ಆಯ್ತು. ಈಗ ಎಸೆದ್ರೆ ಅವಕ್ಕೆ ಏನು ಸಿಕ್ಕೀತು? ನನ್ನ ಕಾಲ ಮುಗಿಯೋವರೆಗೂ ಹೊತ್ಕೋತೀನಿ. ಇದು ಸರಿ ಅಂತ ಹೇಳ್ತಿಲ್ಲ ಕಣಯ್ಯ. ನನಗಿನ್ನೂ ಅಷ್ಟೇ ತಿಳಿದಿರೋದು." ಜಲ್ಮನ್ ತಲೆ ಅಲ್ಲಾಡಿಸುತ್ತ ಅಳತೆಯ ಚೀಟಿಯನ್ನು ತೆಗೆದ.

ಹಿಂದಿರುಗಿದಾಗ ಲೈಬಿಷ್ ಮೈಯೆಲ್ಲ ಪುಕ್ಕ ಅಂಟಿಸಿಕೊಂಡು ತಾನೇ ಒಂದು ಕೋಳಿಯಂತೆ ಕೂತಿದ್ದ. ಮುಖ ಬಾಡಿತ್ತು.

"ಟೋಪಿ ಹೇಳಿಬಂದೆ," ಎಂದ ಆನ್ಷೆಲ್.

"ಸರಿ ಮಾವ. ನಿಮಗೆ ಅವಮಾನ ಆಗೋದು ಬೇಡ. ಹಾಕ್ಕೋತೀನಿ."

"ನೂಲಿನ ಟೋಪಿ ಹಾಕ್ಕೊಳೋಕೆ ಇಷ್ಟು ಸಪ್ಪೆ ಮುಖ ಯಾಕಯ್ಯ?"

ಲೈಬಿಷ್ ತಲೆಯೆತ್ತಿದ. ನಗಬೇಕೋ ಅಳಬೇಕೋ ತಿಳಿಯದೆ ಮೂಗಿನ ಮೇಲಿದ್ದ ಪುಕ್ಕವನ್ನು ಊದಿದ.

"ಬೆಳಗ್ಗೆ ಹುಡುಗಿ ವಿಷಯಕ್ಕೆ ಒಂದು ಮಾತಾಡಿದೆ," ಎಂದ ಆನ್ಷೆಲ್, ಬೇರೆ ಕಡೆ ನೋಡುತ್ತ. "ಹೊತ್ತು ಮುಳುಗೋದ್ರೊಳಗೆ ಅದನ್ನ ಕ್ಷಮಿಸಿಬಿಡು. ನಿನ್ನ ಹತ್ರ ಕೇಳದೆ ದೇವರ ಮುಂದೆ ಹೋಗಿ ನಿಂತ್ರೆ ಅವನು ವಾಪಸ್ ಕಳಿಸ್ತಾನೆ."

"ಯಾವ ಮಾತು ಮಾವ? ಗಾಳಿ ಜೋರಾಗಿತ್ತು, ನನಗೆ ಕೇಳಿಸಲಿಲ್ಲ."

ಗಾಳಿ ಈಗ ಸೋತಿತ್ತು. ಇಬ್ಬರೂ ಪುಕ್ಕ ಕಿತ್ತ ಕೋಳಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ತಿರುವಿನ ಮೆಟ್ಟಿಲು ಹತ್ತಿದರು. ಒಳಗೆ ಮಕ್ಕಳ ಗದ್ದಲ. ಬರಿಯ ಈರುಳ್ಳಿ ಬೇಯುತ್ತಿರುವ ವಾಸನೆ. ಫ್ರೈಡಲಜ್ಜಿ ಬಾಗಿಲು ತೆರೆದು, ಬೈಯಲೆಂದು ಬಾಯಿಯನ್ನೂ ತೆರೆದಳು.

ಆನ್ಷೆಲ್ ಎರಡೂ ಕೈಯಿಂದ ಕೋಳಿಯನ್ನು ಅವಳ ಕೈಗಿಟ್ಟ.