ಮೊದಲೇ ಕೂತಿದ್ದ ಅಣು

ಕೆಳಗಿನ ಮಹಡಿಯ ಲ್ಯಾಬಿನಲ್ಲಿ ಅಕ್ಕ ಔಷಧದ ಅಣುಗಳನ್ನು ಕಟ್ಟುತ್ತಾಳೆ. ಯಾವ ಅಣು ಕಟ್ಟಬೇಕೆಂದು ಹೇಳುವ ಪ್ರೋಗ್ರಾಂ ಬರೆಯುವವನು ಮೇಲಿನ ಮಹಡಿಯ ತಮ್ಮ. ರೋಗ ಹಬ್ಬಿಸುವ ಪ್ರೋಟೀನಿನ ಮೈಯಲ್ಲಿ ಒಂದು ಗುಳಿ ಇರುತ್ತದೆ. ಅದರೊಳಗೆ ಯಾವ ಅಣು ಹೇಗೆ ಕೂರುತ್ತದೆ, ಎಷ್ಟು ಬಿಗಿಯಾಗಿ ಕೂರುತ್ತದೆ ಎಂದು ಆ ಪ್ರೋಗ್ರಾಂ ಲೆಕ್ಕ ಹಾಕಬೇಕು. ಭಗವಂತ ಒಂದೊಂದು ಅಣುವಿಗೂ ಒಂದೊಂದು ಜಾಗ ಇಟ್ಟಿದ್ದಾನೆ, ಹುಡುಕುವ ತಾಳ್ಮೆ ನಮಗಿರಬೇಕಷ್ಟೇ ಎಂದು ನಂಬಿದವನು ಅವನು.

ಪ್ರೋಗ್ರಾಂ ಬೆರಳು ತೋರಿಸಿದ ಒಂದು ಅಣುವನ್ನು ಅಕ್ಕ ಹನ್ನೊಂದು ಹಂತಗಳಲ್ಲಿ, ಒಂಬತ್ತು ವಾರ ಕೂತು ಕಟ್ಟಿದಳು. ಪರೀಕ್ಷೆಯಲ್ಲಿ ಅದು ಪ್ರೋಟೀನಿನ ಹತ್ತಿರವೂ ಸುಳಿಯಲಿಲ್ಲ. ಮತ್ತೆ ಕಟ್ಟಿದಳು, ಮತ್ತೆ ಅದೇ ಕತೆ. ಆಗ ಸಭೆಯಲ್ಲಿ ಎಲ್ಲರೆದುರು ತಮ್ಮ ಗಂಟಲು ಸರಿಮಾಡಿಕೊಂಡು ಹೇಳಿದ್ದ: "ನನ್ನ ಕಡೆ ನೂರಕ್ಕೆ ತೊಂಬತ್ನಾಲ್ಕು ಸರಿ ಬರ್ತಿದೆ. ಅಣು ಶುದ್ಧವಾಗಿದೆಯಾ ಅಂತ ಒಮ್ಮೆ ನೋಡಿದ್ರೆ ಒಳ್ಳೇದು." ಅಕ್ಕ ಕೆಳಗಿಳಿದು ಹೋಗಿ ಮೂರನೆಯ ಸಲ ಕಟ್ಟಿದಳು. ಅದೂ ಕೈಕೊಟ್ಟಿತು. ಈಗ ಅವಳ ಕೆಲಸವನ್ನು ಬೇರೆಯವರಿಗೆ ವಹಿಸುವುದೆಂದು ಮುಖ್ಯಸ್ಥರು ಮನಸ್ಸು ಮಾಡಿದ್ದರು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಅದರ ಸಭೆ.

ಆ ಬೆಳಿಗ್ಗೆ ಸಭೆಗೆ ಚಿತ್ರ ಸಿದ್ಧಮಾಡುತ್ತ ತಮ್ಮ ತನ್ನ ಪ್ರೋಗ್ರಾಮಿನ ಹಳೆಯ ಸಾಲುಗಳನ್ನು ತೆರೆದ. ಗುಳಿಯಲ್ಲಿ ಅಣು ಕೂತಿರುವ ನಿಜವಾದ ನೂರು ಚಿತ್ರಗಳ ಮೇಲೆ ಅವನು ಪ್ರೋಗ್ರಾಮನ್ನು ಪರೀಕ್ಷಿಸಿದ್ದ. ಅಣುವನ್ನು ಹೊರಗೆಳೆದು, ಕೈಕಾಲು ತಿರುಚಿ, ಗುರುತೇ ಸಿಗದಂತೆ ಮಾಡಿ, ಈಗ ಕೂರಿಸು ನೋಡೋಣ ಎನ್ನಬೇಕು. ಪರೀಕ್ಷೆ ಅಂದರೆ ಅದು. ತಿರುಚುವ ಆ ಒಂದು ಸಾಲನ್ನು ಎರಡು ವರ್ಷದ ಹಿಂದೆ ಯಾವುದೋ ತೊಂದರೆ ಹುಡುಕಲು ಅವನೇ ಕಾಮೆಂಟ್ ಮಾಡಿ, ಕಂಪ್ಯೂಟರ್ ಅದನ್ನು ಓದದೆ ದಾಟಿಹೋಗುವಂತೆ ನಿಲ್ಲಿಸಿದ್ದ. ಮತ್ತೆ ತೆರೆಯುವುದನ್ನು ಮರೆತಿದ್ದ. ಅಣು ಎದ್ದೇ ಇರಲಿಲ್ಲ. ಕೂತಲ್ಲೇ ಕೂತಿದ್ದನ್ನು ನೋಡಿ ಪ್ರೋಗ್ರಾಂ, ಇದು ಇಲ್ಲೇ ಕೂರುತ್ತದೆ ಎಂದು ಹೇಳಿತ್ತು.

ಸಾಲು ತೆರೆದು ಮತ್ತೆ ಓಡಿಸಿದ. ನೂರಕ್ಕೆ ಮೂವತ್ತೊಂದು.

ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ದೇವರ ಹೆಸರು ಬರಲಿಲ್ಲ, ಸಭೆಯಲ್ಲಿ ತಾನಾಡಿದ ಮಾತೇ ಬಂತು. ಎರಡೂವರೆಯಾದ ಮೇಲೆ ಮೆಟ್ಟಿಲಿಳಿದ.

ಅಕ್ಕ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು, ಮುಂದೆ ಬರುವವರಿಗೆ ತಿಳಿಯಲೆಂದು. "ಏನು ತೊಂಬತ್ನಾಲ್ಕು ಸಾಹೇಬ್ರು ನಮ್ಮಂಥೋರ ಹತ್ರ ಬಂದ್ರು?"

"ಅಕ್ಕಾ, ನಿನ್ನ ಅಣು ಸರಿಯಾಗೇ ಇತ್ತು." ಉಳಿದದ್ದನ್ನೂ ಹೇಳಿದ, ನೆಲ ನೋಡುತ್ತ.

"ಮೂರು ಸಲಾನೂ?"

"ಮೂರು ಸಲಾನೂ."

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ತನ್ನ ಬೆರಳುಗಳನ್ನು ಅಗಲಿಸಿ ನೋಡಿಕೊಂಡಳು. "ಕೈ ಸೋತುಹೋಯ್ತು ಅಂದ್ಕೊಂಡಿದ್ದೆ ಕಣೋ. ಕಣ್ಣಿನ ಡಾಕ್ಟ್ರಿಗೂ ತೋರಿಸ್ಕೊಂಡು ಬಂದೆ. ನಿಮ್ ಭಾವನಿಗೂ ಹೇಳಿಲ್ಲ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. "ಬೈಯಿ ಅಕ್ಕಾ."

"ಬೈದ್ರೆ ನಿನಗೆ ಹಗುರಾಗುತ್ತೆ. ಬೈಯಲ್ಲ." ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸಿದಳು. "ಆವತ್ತು ಯಾರೆದುರು ಅಂದ್ಯೋ ಅವರೆಲ್ಲ ಈಗ ಮೇಲೆ ಸೇರ್ತಾರೆ. ನಡಿ."

ಸಭೆಯಲ್ಲಿ ಅವನೇ ಮೊದಲು ಎದ್ದು ನಿಂತ. ಒಂದನ್ನೂ ಬಿಡದೆ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ನಗು ಮುಚ್ಚಿಕೊಳ್ಳಲು ಕೆಮ್ಮಿದರು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಕ್ಕನ ಕಡೆ ತಿರುಗಿದರು. "ನಿಮ್ಮನ್ನ ತಪ್ಪು ತಿಳ್ಕೊಂಡ್ವಿ. ಕೆಲಸ ನಿಮ್ಮಲ್ಲೇ ಇರಲಿ."

ಅಕ್ಕ ತಲೆಯಾಡಿಸಿ ತನ್ನ ಟಿಪ್ಪಣಿ ಪುಸ್ತಕ ತೆರೆದಳು.

"ನಿಮಗೆ ಇದು ಗೊತ್ತಾಗಿದ್ದು ಯಾವಾಗ?" ಎಂದು ಅವರು ಅವನನ್ನು ಕೇಳಿದರು.

ಈಗತಾನೆ ಎನ್ನಬಹುದಿತ್ತು. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. "ಬೆಳಿಗ್ಗೆ ಹತ್ತಕ್ಕೆ ಸರ್."

"ಐದು ಗಂಟೆ ಏನ್ಮಾಡ್ತಿದ್ರಿ?"

ಅಕ್ಕ ಅದುವರೆಗೂ ಪುಸ್ತಕದಲ್ಲಿ ಏನೋ ಗೀಚುತ್ತಿದ್ದವಳು ಪೆನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆ ಕಣ್ಣುಗಳನ್ನು ತಪ್ಪಿಸಿಕೊಳ್ಳದೆ ಅವನು ಹೇಳಿದ, "ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಿಬಿಡಬಹುದಾ ಅಂತ ನೋಡ್ತಿದ್ದೆ."