ಹೊಟ್ಟಿ ನೋವ ಅಂತಾಳ್ರಿ

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದಿದ್ದೆ: "ಮುನ್ನಿಬೀಗೆ ಮೂರು ತಿಂಗಳಿಂದ ಹೊಟ್ಟೆ ನೋವಿತ್ತು." ಚೊಕ್ಕ ವಾಕ್ಯ. ಇನ್ನೊಮ್ಮೆ ಓದಿ ಅಳಿಸಿ ಹಾಕಿದೆ. ಯಾಕೆಂದರೆ ಅದು ಸುಳ್ಳು. ಅವಳಿಗಿದ್ದದ್ದು ಹೊಟ್ಟೆ ನೋವಲ್ಲ. ಆ ವಾಕ್ಯ ಅವಳ ಗಂಡನದು. ಅವನು ಡಾಕ್ಟರಿಗೆ ದಾಟಿಸಿದ್ದನ್ನೇ ನಾನು ನಿಮಗೆ ದಾಟಿಸಲು ಹೊರಟಿದ್ದೆ.

೧

ಸರಿ, ಮತ್ತೆ ಮೊದಲಿನಿಂದ.

ಮುನ್ನಿಬೀ ಗಡಿಯಾಚೆಯ ನಾರಾಯಣಪೇಟೆ ಕಡೆಯ ಹೆಣ್ಣುಮಗಳು, ಮದುವೆಯಾಗಿ ವನದುರ್ಗಕ್ಕೆ ಬಂದವಳು. ಮನೆಯಲ್ಲಿ ದಖನಿ ಉರ್ದು, ತವರಿನ ಓಣಿಯಲ್ಲಿ ತೆಲುಗು. ಕನ್ನಡ ಕಿವಿಗೆ ಬೀಳುತ್ತದೆ, ತಲೆಗೂ ನಾಲಿಗೆಗೂ ಅಷ್ಟಾಗಿ ಹತ್ತಿಲ್ಲ. (ಇಷ್ಟು ವರ್ಷ ಇಲ್ಲಿದ್ದೂ ಕನ್ನಡ ಕಲಿಯಲಿಲ್ಲವೇ ಎಂದು ಹುಬ್ಬೇರಿಸುವ ಓದುಗರಿಗೆ: ಅಡುಗೆಮನೆಯ ನಾಲ್ಕು ಗೋಡೆ ಯಾವ ಭಾಷೆಯನ್ನೂ ಕಲಿಸುವುದಿಲ್ಲ. ಮುಂದೆ ನಡೆಯಿರಿ.) ಗಂಡ ನಸೀರುದ್ದೀನ ಶಹಾಪುರದಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟವನು, ದಿನವಿಡೀ ಗಿರಾಕಿಗಳ ಜೊತೆ ಕನ್ನಡದಲ್ಲೇ ಮಾತಾಡುವವನು. ಹಾಗಾಗಿ ದವಾಖಾನೆಯಲ್ಲಿ ಅವಳ ಬಾಯಿ ಅವನೇ.

ಶಹಾಪುರದ ಒಂದು ದವಾಖಾನೆ. (ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಕಡೆ ಹೀಗೆ ಎಂದು ನೀವು ನೆಮ್ಮದಿಯಾಗಿ ಮಲಗಿಬಿಡುತ್ತೀರಿ.) ಡಾಕ್ಟರು ದಕ್ಷಿಣದ ಕಡೆಯವರು. "ಏನಮ್ಮಾ, ಏನು ತೊಂದರೆ?" ಎಂದರು.

ಮುನ್ನಿಬೀ ಗಂಡನ ಕಡೆ ತಿರುಗಿದಳು. "ತೀನ್ ಮಹೀನೆ ಸೆ ಖೂನ್ ಜಾರಾ ಜೀ. ಬಂದೀಚ್ ನೈ ಹೋರಾ. ಖಡೇ ರಹೀ ತೋ ಚಕ್ಕರ್ ಆರಾ." ಮೂರು ತಿಂಗಳಿಂದ ರಕ್ತ ಹೋಗುತ್ತಿದೆ, ನಿಲ್ಲುತ್ತಲೇ ಇಲ್ಲ, ಎದ್ದು ನಿಂತರೆ ತಲೆ ಸುತ್ತುತ್ತದೆ.

ಬಾಗಿಲಲ್ಲಿ ಜನ ಇಣುಕುತ್ತಿದ್ದರು. ಅವರಲ್ಲೊಬ್ಬ ನಸೀರುದ್ದೀನನ ಗಿರಾಕಿ.

"ಹೊಟ್ಟಿ ನೋವ ಅಂತಾಳ್ರಿ, ಸಾಹೇಬ್ರ," ಎಂದ ನಸೀರುದ್ದೀನ.

"ಅಷ್ಟೇನಾ? ಅಷ್ಟೊಂದು ಹೇಳಿದ್ರಲ್ಲ?"

"ಅದ್ರಿ... ತಲೀನೂ ತಿರಗ್ತದಂತ್ರಿ."

ಗ್ಯಾಸಿನ ಮಾತ್ರೆ ಬರೆದರು. ಮುಂದಿನವರು ಬನ್ನಿ.

ಒಂದೂವರೆ

(ಇದಕ್ಕೆ ನಂಬರು ಕೊಡುವ ಯೋಚನೆ ಇರಲಿಲ್ಲ. ನಸೀರುದ್ದೀನ ತಾನಾಗಿಯೇ ಎದ್ದು ಬಂದು ಕೀಬೋರ್ಡಿನ ಮೇಲೆ ಕೈ ಇಟ್ಟ.)

"ಏನ್ರೀ, ನನ್ನ ವಿಲನ್ ಮಾಡಾಕತ್ತೀರೇನ್ರಿ?"

"ಸುಳ್ಳು ಯಾಕೆ ಹೇಳಿದಿ?"

"ಆ ಮಾತ ಆಕಿ ನನಗ ಹೇಳಿದ್ದ ಅವತ್ತ ಮೊದಲನೇ ಸಲರೀ. ಅಷ್ಟ ಮಂದಿ ಗಂಡಸರ ಮುಂದ ಹೆಂಗ ಹೇಳ್ಲಿ? ಅದಕ್ಕ ಕನ್ನಡದಾಗ ಮರ್ಯಾದಿ ಮಾತ ಯಾವುದ್ರಿ? ನನಗ ಬರೂದು ಹತ್ತಿ, ಬಟ್ಟಿ, ಅಳತಿ. ಇದನ್ನ ಯಾರ ಕಲಿಸ್ಯಾರ ನನಗ?"

ಅವನು ಹೇಳಿದ್ದರಲ್ಲಿ ನ್ಯಾಯವಿದೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ನಾಚಿಕೆ ಅವನದು, ಹರಿದದ್ದು ಅವಳ ರಕ್ತ.

೨

ಎರಡು ವಾರದ ಮೇಲೆ ಮುನ್ನಿಬೀ ಬಸ್‌ಸ್ಟ್ಯಾಂಡಿನಲ್ಲಿ ಕುಸಿದು ಬಿದ್ದಳು. ಯಾದಗಿರಿಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ರಕ್ತದ ಬಾಟಲಿ ಏರಿಸಿ ಹೆಂಗಸರ ವಾರ್ಡಿಗೆ ಹಾಕಿದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನಸೀರುದ್ದೀನ ಬಾಗಿಲಾಚೆ ನಿಂತ. ಉರ್ದು ಬರುವ ಒಬ್ಬಳೇ ನರ್ಸು ತಿಂಗಳ ರಜೆಯಲ್ಲಿದ್ದಳು.

ಡಾಕ್ಟರ್ ನಂದಿನಿ ಒಳ್ಳೆಯವರು. ಮೈಸೂರು ಕಡೆಯವರು, ಹಿಂದಿ ಬರುತ್ತದೆ, ಆದರೆ ಟಿವಿ ವಾರ್ತೆಯ ಹಿಂದಿ. ಮುಟ್ಟಿಗೆ ಅವರು ಬಳಸಿದ ಪದವನ್ನು ಮುನ್ನಿಬೀ ಜನ್ಮದಲ್ಲಿ ಕೇಳಿರಲಿಲ್ಲ. ದೊಡ್ಡವರು ಕೇಳುತ್ತಿದ್ದಾರೆ, ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು "ಜೀ" ಎಂದಳು. ನೋವಿದೆಯಾ? ಜೀ. ಆಗಾಗ ಬರುತ್ತದಾ? ಜೀ. ಬಸುರಿಯಾ? ಜೀ.

ಡಾಕ್ಟರು ಬರೆದುಕೊಳ್ಳತೊಡಗಿದರು.

"ಡಾಕ್ಟರಮ್ಮ, ನಿಂದ್ರು!" ಪಕ್ಕದ ಹಾಸಿಗೆಯಿಂದ ಕೂಗು. ಚಂದಮ್ಮ, ಗುರುಮಠಕಲ್ ಕಡೆಯವಳು, ಕುರಿ ಸಾಕುವವಳು. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಹೊಲಿಗೆ ಹಿಡಿದು ಮಲಗಿದ್ದಳು. "ಆಕಿ ಎಲ್ಲಾದಕ್ಕೂ ಹೂಂ ಅನ್ನಾಕತ್ಯಾಳ. ಏನೂ ತಿಳದಿಲ್ಲ ಆಕಿಗಿ. ನಾ ಕೇಳ್ತೀನಿ ತಡಿ."

ಏನಾಯಿತೆಂದು ತೆಲುಗಿನಲ್ಲಿ ಕೇಳಿದಳು, "ಏಮೈಂದಮ್ಮಾ?" ಮುನ್ನಿಬೀ ಥಟ್ಟನೆ ತಲೆ ಎತ್ತಿದಳು. ತವರಿನ ಮಾತು. ಮೂರು ತಿಂಗಳು ನುಂಗಿದ್ದೆಲ್ಲ ಪಿಸುದನಿಯಲ್ಲಿ ಹೊರಬಂತು.

ಚಂದಮ್ಮನದು ಅಡವಿಯಲ್ಲಿ ಕುರಿ ಕರೆಯುವ ಗಂಟಲು. "ಮೂರ ತಿಂಗಳಿಂದ ರಕ್ತ ಹೋಗಾಕತ್ತದಂತ! ಗಡ್ಡಿ ಗಡ್ಡಿ ಬೀಳ್ತದಂತ! ಬಟ್ಟಿ ಒಗದ ಒಗದ ಸಾಕಾಗ್ಯಾಳಂತ! ಬಸರ ಗಿಸರ ಏನೂ ಇಲ್ಲಂತ!"

ಇಡೀ ವಾರ್ಡು ಕೇಳಿತು. ಬಾಗಿಲಾಚೆಯ ನಸೀರುದ್ದೀನನೂ ಕೇಳಿದ. ಮುನ್ನಿಬೀ ಸೆರಗು ಮುಖಕ್ಕೆ ಎಳೆದುಕೊಂಡು ಬಿಕ್ಕಿದಳು. ಡಾಕ್ಟರು ಬರೆದಿದ್ದನ್ನು ಹೊಡೆದು ಹಾಕಿದರು, ಕೂಡಲೇ ಸ್ಕ್ಯಾನಿಂಗಿಗೆ ಹೇಳಿದರು. ಜೀವ ಉಳಿದದ್ದೂ ಮಾನ ಹೋದದ್ದೂ ಒಂದೇ ಗಳಿಗೆಯಲ್ಲಿ.

(ಇದನ್ನು ಬರೆಯುವಾಗ ನನಗೆ ನಗು ಬಂತು. ನಿಮಗೂ ಬಂದಿರಬಹುದು. ನಾಚಿಕೆಯಾಗಲಿ ನಮಗೆ. ರೋಗ ಹೇಳಿಕೊಳ್ಳಲು ಪಕ್ಕದ ಹಾಸಿಗೆಯಲ್ಲಿ ಯಾರು ಮಲಗಿದ್ದಾರೆ ಎಂಬ ನಸೀಬನ್ನು ನಂಬಬೇಕೇ? ಎಕ್ಸ್‌ರೇ ಉಂಟು, ಲಿಫ್ಟ್ ಉಂಟು, ಗೋಡೆ ತುಂಬ ಘೋಷಣೆ ಉಂಟು. ಒಂದು ಮಾತು ದಾಟಿಸಲು ಒಬ್ಬ ಮನುಷ್ಯನಿಲ್ಲ.)

೩

ಸಂಜೆ ಭೇಟಿಯ ಹೊತ್ತಿನಲ್ಲಿ ನಸೀರುದ್ದೀನ ಚಹಾ ತಂದ. ಮುನ್ನಿಬೀ ಮುಟ್ಟಲಿಲ್ಲ. ಶಹಾಪುರದ ಡಾಕ್ಟರಿಗೆ ಏನು ಹೇಳಿದೆ ಎಂದು ಕೇಳಿದಳು.

"ಶಹಾಪುರ್ ಮೆ ಡಾಕ್ಟರ್ ಕು ಕ್ಯಾ ಬೋಲೆ ತುಮೆ?"

ಅವನು ನೆಲ ನೋಡಿದ. "ಪೇಟ್ ಕಾ ದರ್ದ್ ಬೋಲಾ." ಅದೇ ಹೊಟ್ಟೆ ನೋವು.

ಅವಳು ಕೂಗಾಡಲಿಲ್ಲ. ಆದರೆ ಅವಳ ದನಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅಬ್ ಬೋಲೋ. ಕನ್ನಡ್ ಮೆ ಬೋಲೋ. ಸಬ್ ಕು ಬೋಲೋ."

ಈಗ ಹೇಳು, ಕನ್ನಡದಲ್ಲಿ ಹೇಳು, ಎಲ್ಲರಿಗೂ ಹೇಳು. ಅವನು ಚಹಾ ಕೆಳಗಿಟ್ಟ.

"ಹೇಳೋ ಯಪ್ಪಾ," ಎಂದಳು ಚಂದಮ್ಮ. "ಹೇಳಿದ್ರ ಸಾಯಂಗಿಲ್ಲ ನೀ."

"ಈಕಿಗಿ ರಕ್ತ ಹೊಂಟದ್ರಿ," ಎಂದ ನಸೀರುದ್ದೀನ, ಗೋಡೆಯ ಕಡೆ ಮುಖ ಮಾಡಿ. "ನಾ ಹೇಳಲಿಲ್ರಿ."

ಮುಕ್ತಾಯ, ಬಗೆ ಒಂದು

ಮರುವಾರವೇ ಆಸ್ಪತ್ರೆಯಲ್ಲಿ ದುಭಾಷಿ ಕೌಂಟರ್ ಶುರುವಾಯಿತು. ರಿಬ್ಬನ್, ಶಾಲು, ಫೋಟೊ. (ಇದನ್ನು ಬರೆದ ನನ್ನ ಕೈಗೆ ಯಾರಾದರೂ ಒಂದು ಬಾರಿಸಿ.)

ಮುಕ್ತಾಯ, ಬಗೆ ಎರಡು

ಮುನ್ನಿಬೀ ತೀರಿಕೊಂಡಳು. ಓದುಗರಿಗೆ ಕಣ್ಣೀರು, ನನಗೆ ಚಪ್ಪಾಳೆ. ಆದರೆ ಚಂದಮ್ಮ ಬಿಡಲಿಲ್ಲ: "ಸಾಯಿಸ್ತೀಯೇನು ಆಕಿನ್ನ? ಹೊಲಗಿ ಹರಿಯಂಗ ನಾ ಒದರಿದ್ದು ಯಾಕ ಮತ್ತ? ಹರದ ಒಗಿ ಅದನ್ನ."

ಹರಿದು ಒಗೆದೆ.

೪

ನಡೆದದ್ದು ಇಷ್ಟು. ಚಂದಮ್ಮನಿಗೆ ಡಿಸ್ಚಾರ್ಜ್ ಆಯಿತು. ಮುನ್ನಿಬೀಯ ಕೆನ್ನೆ ಸವರಿ ಹೋದಳು. ಮರುದಿನ ಬೆಳಿಗ್ಗೆ ಡಾಕ್ಟರ್ ನಂದಿನಿ ಬಂದರು. ಪಕ್ಕದ ಖಾಲಿ ಹಾಸಿಗೆ ನೋಡಿದರು, ಮುನ್ನಿಬೀಯನ್ನು ನೋಡಿದರು. ಹೊರಗೆ ಹೋಗಿ ನಸೀರುದ್ದೀನನನ್ನು ವರಾಂಡದಲ್ಲಿ ನಿಲ್ಲಿಸಿಕೊಂಡರು.

"ಗರ್ಭಕೋಶದಲ್ಲಿ ಗಂಟಿದೆ. ಗರ್ಭಕೋಶನೇ ತೆಗೀಬಹುದು. ಮೊದಲು ಮಾತ್ರೆ ಕೊಟ್ಟು ನೋಡೋ ದಾರೀನೂ ಇದೆ. ನೀವು ಯೋಚನೆ ಮಾಡಿ ಹೇಳಿ."

ತೆರೆದ ಬಾಗಿಲಿನಿಂದ ಮುನ್ನಿಬೀ ಎಲ್ಲವನ್ನೂ ನೋಡಿದಳು. ಡಾಕ್ಟರ ಎರಡು ಕೈ ಗಾಳಿಯಲ್ಲಿ ಅವಳ ಒಡಲಿನ ಆಕಾರ ಬರೆದವು. ಗಂಡನ ತಲೆ ಆಡಿತು. ಹೌದ್ರಿ. ಆಯ್ತ್ರಿ.

ಅವಳು ಹಾಸಿಗೆಯಿಂದ ಇಳಿದಳು. ಸಲೈನ್ ಸ್ಟ್ಯಾಂಡನ್ನು ಎಳೆದುಕೊಂಡು, ಗೋಡೆ ಹಿಡಿದು, ನರ್ಸು ಬೇಡವೆಂದರೂ ಕೇಳದೆ ವರಾಂಡಕ್ಕೆ ಬಂದಳು. ಅವರಿಬ್ಬರ ನಡುವೆ ನಿಂತು ಡಾಕ್ಟರ ಕಣ್ಣಿಗೆ ಕಣ್ಣಿಟ್ಟಳು.

"ಪೇಟ್ ಮೇರಾ. ಮೇರೆಕು ಬೋಲೋ."

ಡಾಕ್ಟರು ರೂಢಿಯಂತೆ ನಸೀರುದ್ದೀನನ ಕಡೆ ತಿರುಗಿದರು. "ಏನಂತಾರೆ ಇವರು?"

ಅವನು ಬಾಯಿ ತೆರೆದ.

ಇಲ್ಲ, ನಾನು ಮುಂದೆ ಬರೆಯುವುದಿಲ್ಲ. ಅವನೇನಂದ, ಮಾತ್ರೆಯೋ ಆಪರೇಷನ್ನೋ, ನನ್ನನ್ನು ಕೇಳಬೇಡಿ. ಅವಳ ಮಾತು ನಿಮಗೆ ಅರ್ಥವಾಯಿತಲ್ಲ? ನಾನದನ್ನು ಕನ್ನಡಕ್ಕೆ ತಂದೇ ಇಲ್ಲ.

ಹಾಗಾದರೆ ಅಲ್ಲಿ ನಿಂತವರಿಗೆ ಏನಾಗಿತ್ತು?