ಪಾಲಿಶ್ ಹಾಕಿಸಿಕೊಂಡ ಹರಳು

ನಾನು ಹಿಮದ ಹರಳಿನ ಗಾಜಿನ ಪ್ರತಿರೂಪ. ಆರು ಮುಖದ ಪುಟ್ಟ ಕಂಬ. ಎತ್ತರದ ಮಂಜುಗಡ್ಡೆ ಮೋಡಗಳಲ್ಲಿ ಬೆಳಕು ಹೇಗೆ ಚದುರುತ್ತದೆಂದು ತಿಳಿಯಲು ವಿಜ್ಞಾನಿ ಕುಮುದಿನಿ ನನ್ನನ್ನು ಮಾಡಿಸಿದಳು. ಅದು ತಿಳಿದರೆ, ಉಪಗ್ರಹದ ಚಿತ್ರ ನೋಡಿಯೇ ಮೋಡದ ದಪ್ಪ ಹೇಳಬಹುದು.

ಹುಟ್ಟಿದಾಗ ನಾನು ಫಳಫಳ ಹೊಳೆಯುತ್ತಿದ್ದೆ. ದೀಪದೆದುರು ತಿರುಗಿಸಿದರೆ ಪರದೆಯ ಮೇಲೆ ಚೂಪಾದ ಬೆಳಕಿನ ಪಟ್ಟಿ ಬೀಳುತ್ತಿತ್ತು. ಉಪಗ್ರಹ ಕಂಡ ಮೋಡಗಳಲ್ಲಿ ಅಂಥ ಪಟ್ಟಿ ಇರಲಿಲ್ಲ. ಅವಳು ಒರಟು ಪುಡಿ ಹಾಕಿ, ಮಗುವನ್ನು ಮೀಯಿಸುವಷ್ಟು ತಾಳ್ಮೆಯಿಂದ, ನನ್ನ ಮೈ ತರಿತರಿಯಾಗುವವರೆಗೆ ಉಜ್ಜಿದಳು.

"ಏನಮ್ಮ, ಮನೇಲಿ ಪಾತ್ರೆ ಉಜ್ಜಿದ್ದು ಸಾಲ್ಲಿಲ್ವಾ?" ಎಂದರು ವಿಭಾಗದ ಮುಖ್ಯಸ್ಥ ಶ್ರೀಕಂಠಯ್ಯ.

"ಮೋಡದಲ್ಲಿ ಹಿಮಕ್ಕೆ ಯಾರೂ ಪಾಲಿಶ್ ಹಾಕಲ್ಲ ಸರ್."

ಪಟ್ಟಿ ಕರಗಿತು, ಲೆಕ್ಕ ಕೂಡಿತು. ಆದರೆ ಆ ಲೆಕ್ಕದ ಲೇಖನ ಅಚ್ಚಾದದ್ದು ಶ್ರೀಕಂಠಯ್ಯನವರ ಹೆಸರಲ್ಲಿ. ಕುಮುದಿನಿಯನ್ನು ತರಬೇತಿ ವಿಭಾಗಕ್ಕೆ ದಾಟಿಸಿದರು. ಅವಳು ಅಳಲಿಲ್ಲ. ನನ್ನನ್ನು ಹತ್ತಿಯಲ್ಲಿ ಸುತ್ತಿಟ್ಟು ಹೋದಳು. ಗಾಜಿಗೆ ಹಲ್ಲಿದ್ದಿದ್ದರೆ ಆ ದಿನವೇ ಅವರ ಬೆರಳು ಕಡಿಯುತ್ತಿದ್ದೆ. ಹಲ್ಲಿಲ್ಲದ ನಾನು ಕಾದೆ.

ಕೆಲಸ ಪರಿಶೀಲಿಸುವ ಸಮಿತಿ ಬರುವ ಸುದ್ದಿ ಬಂತು. ಶ್ರೀಕಂಠಯ್ಯ ನನ್ನನ್ನು ಹೊರಗೆ ತೆಗೆದು, ಮೂಗು ಮುರಿದು, ಸಹಾಯಕನಿಗೆ ಹೇಳಿದರು. "ಬೂಷ್ಟು ಹಿಡಿದ ಹಾಗಿದೆಯಲ್ಲೋ. ದೊಡ್ಡವರು ಬರ್ತಾರೆ, ಪಾಲಿಶ್ ಹಾಕಿಸು." ನನಗೆ ಅದೇ ಬೇಕಿತ್ತು.

ಸಮಿತಿಯೆದುರು ದೀಪ ಹತ್ತಿತು. ನನ್ನಲ್ಲಿದ್ದ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಪಟ್ಟಿಯನ್ನು ಪರದೆಗೆ ಎಸೆದೆ.

"ನಿಮ್ಮ ಲೇಖನದ ನಕ್ಷೆಯಲ್ಲಿ ಈ ಪಟ್ಟಿ ಎಲ್ರೀ?" ಎಂದರು ಸಮಿತಿಯ ಹಿರಿಯರಾದ ವಾದಿರಾಜರು.

"ದೀಪದ ದೋಷ ಸರ್."

ದೀಪ ಬದಲಿಸಿದರು. ಪಟ್ಟಿ ಹೋಗಲಿಲ್ಲ.

"ಹಾಗಾದ್ರೆ ಈ ಲೆಕ್ಕ ಯಾವ ಹರಳಿಂದು?"

ಶ್ರೀಕಂಠಯ್ಯ ಬೆವರೊರೆಸಿಕೊಂಡರು. ಹರಳು ಮಾಡಿಸಿದವರು ಯಾರೆಂದು ವಾದಿರಾಜರು ವಿಚಾರಿಸಿ ಕುಮುದಿನಿಯನ್ನು ಕರೆಸಿದರು. ಅವಳು ನನ್ನನ್ನು ಕೈಗೆತ್ತಿಕೊಂಡು ಸವರಿದಳು. "ತರಿ ಯಾಕೆ ತೆಗೆದ್ರಿ ಸರ್? ಲೆಕ್ಕವೆಲ್ಲ ಅದರದ್ದೇ ಅಲ್ವಾ."

ವಾದಿರಾಜರು ಅಚ್ಚಾದ ಹಾಳೆಯ ಮೇಲಿನ ಹೆಸರಿಗೆ ಗೆರೆ ಎಳೆದರು. ಲೇಖನ ಅವಳ ಹೆಸರಿಗೆ ಬಂತು, ವಿಭಾಗವೂ.

ಈಗ ನನ್ನ ಅಂಚು ಮುಕ್ಕಾಗಿದೆ. ಹರಳುಗಳನ್ನೆಲ್ಲ ಕಂಪ್ಯೂಟರೇ ಕಟ್ಟುತ್ತದೆ. ಕಾರಿಡಾರಿನ ಗಾಜಿನ ಕಪಾಟಿನಲ್ಲಿ ನನ್ನನ್ನು ಇಡುವ ಮುನ್ನ ಕುಮುದಿನಿ ಮತ್ತೆ ತರಿ ಮಾಡಲು ಪುಡಿ ತಂದಿದ್ದಳು. ಎದುರಿನ ಕೋಣೆ ಶ್ರೀಕಂಠಯ್ಯನವರದು. ಅವಳು ಆ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಇರಲಿ, ಹೀಗೇ ಇರು," ಎಂದು ಪುಡಿಯ ಡಬ್ಬಿ ಮುಚ್ಚಿದಳು.

ಬೆಳಗಿನ ಬಿಸಿಲು ನನ್ನ ಮೇಲೆ ಬಿದ್ದಾಗಲೆಲ್ಲ ಶ್ರೀಕಂಠಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ಹಾದು ಹೋಗುತ್ತಾರೆ. ಕ್ಷಮಿಸುವುದು ದೊಡ್ಡ ಗುಣವಂತೆ. ನಾನು ಚಿಕ್ಕ ಗಾಜು.